ಜಯಮಾಲಾ ಕಂಡ ಬಳೆಗಳು

ಜಯಮಾಲಾ ಅವರನ್ನು ಲತಾ ಮೊದಲ ಸಲ ಕಂಡದ್ದು ನಾಸಿಕದಲ್ಲಿ, ಮುಂಬೈ ನಾಕಾದ ಹತ್ತಿರ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮೂರನೆಯ ಮಹಡಿಯ ಕಚೇರಿಯಲ್ಲಿ. ಜುಲೈ ತಿಂಗಳ ಸೋಮವಾರ, ಬೆಳಗಿನ ಹತ್ತಕ್ಕೆ ಇನ್ನೂ ಐದು ನಿಮಿಷ ಇತ್ತು. ಹೊರಗೆ ಜಿಟಿಜಿಟಿ ಮಳೆ. ಲತಾಳ ಚಪ್ಪಲಿ ನೆನೆದು, ಒಂದೊಂದು ಹೆಜ್ಜೆಗೂ ಪಚಕ್ ಎನ್ನುತ್ತಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಬಿ.ಎಸ್ಸಿ. ಅಂಕಪಟ್ಟಿ, ಆರು ತಿಂಗಳ ವೈದ್ಯಕೀಯ ಕೋಡಿಂಗ್ ತರಬೇತಿಯ ಪ್ರಮಾಣಪತ್ರ, ಎರಡು ಫೋಟೋ. ಭಾಲ್ಕಿ ತಾಲೂಕಿನ ಅವಳ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿ ಇಳಿದವಳು ಅವಳೊಬ್ಬಳೇ.

ಕಿಟಕಿಯ ಪಕ್ಕದ ಮೇಜಿನ ಹಿಂದೆ ಐವತ್ತರ ಹತ್ತಿರದ ಹೆಂಗಸೊಬ್ಬರು ಕೂತಿದ್ದರು. ಬೂದು ಬಣ್ಣದ ಹತ್ತಿ ಸೀರೆ, ಮೂಗಿನ ತುದಿಗೆ ಜಾರಿದ ಕನ್ನಡಕ, ಹಣೆಯ ಮೇಲೆ ಸಣ್ಣ ವಿಭೂತಿ. ಎರಡು ಪರದೆಗಳನ್ನು ಒಟ್ಟಿಗೆ ನೋಡುತ್ತಾ ಮರಾಠಿಯಲ್ಲಿ, "ಊರು ಯಾವುದು?" ಎಂದು ಕೇಳಿದರು. ಭಾಲ್ಕಿ ಎಂದದ್ದೇ ತಡ, ಭಾಷೆ ಬದಲಾಯಿತು.

"ಎಡಗೈ ಕೊಡು ಇತ್ತಲಾಗ."

ಬಳೆಗಾರರಿಗೆ ಕೊಡುವ ಹಾಗೆ ಲತಾ ಕೈ ಚಾಚಿದಳು. ಜಯಮಾಲಾ ಎರಡು ಬೆರಳುಗಳನ್ನು ಮೊಳಕೈಯಿಂದ ಮಣಿಕಟ್ಟಿನವರೆಗೆ ಒತ್ತುತ್ತಾ ತಂದರು. ನಡುವೆ ಒಂದು ಕಡೆ ನಿಂತರು. ಅದೇ ಜಾಗವನ್ನು ಮತ್ತೊಮ್ಮೆ ಮುಟ್ಟಿದರು.

"ಇದು ಯಾವಾಗ ಮುರದಿತ್ತು?"

"ಮುರದಿಲ್ರೀ ಅಕ್ಕಾರ. ನನ್ನ ಕೈ ಯಾವತ್ತೂ ಮುರದಿಲ್ಲ."

"ಮುರದದ. ಮೂರು ನಾಕು ವರ್ಷದಾಕಿ ಇದ್ದಿರಬೇಕು. ಕಟ್ಟಿದಾವ ಚಲೋ ಕಟ್ಯಾನ. ಹೋಗು, ಆ ಮೂಲ್ಯಾಗಿನ ಕುರ್ಚಿ ನಿಂದು."

ಆ ಸಂಜೆ ಲತಾ ಊರಿಗೆ ಫೋನ್ ಮಾಡಿ ನಗುತ್ತಲೇ ಹೇಳಿದಳು. ಅತ್ತ ಕಡೆ ಅವಳ ತಾಯಿ ನಾಗಮ್ಮ ನಗಲಿಲ್ಲ. "ಯಾರು ಹೇಳಿದ್ರು ನಿನಗ?" ಎಂದಳು. ಲತಾ ಮೂರು ವರ್ಷದವಳಿದ್ದಾಗ ಅಜ್ಜಿಯ ಕಂಕುಳಿಂದ ಜಾರಿ ಕಟ್ಟೆಯಿಂದ ಬಿದ್ದಿದ್ದಳಂತೆ. ಅಜ್ಜಿ ಎರಡು ದಿನ ಊಟ ಬಿಟ್ಟಿದ್ದರಿಂದ, ಈ ಮಾತನ್ನು ಮನೆಯಲ್ಲಿ ಎತ್ತಬಾರದು ಎಂದು ಅಪ್ಪ ಆಣೆ ಹಾಕಿದ್ದನಂತೆ. ಆಸ್ಪತ್ರೆಯಿಲ್ಲ, ಚೀಟಿಯಿಲ್ಲ. ಅಜ್ಜಿ ಸತ್ತು ಒಂಬತ್ತು ವರ್ಷವಾಗಿತ್ತು. ಲತಾ ಆ ರಾತ್ರಿ ತನ್ನ ಕೈಯನ್ನು ತಾನೇ ಹತ್ತು ಸಲ ಮುಟ್ಟಿ ನೋಡಿಕೊಂಡಳು. ಅವಳ ಬೆರಳಿಗೆ ಏನೂ ಸಿಗಲಿಲ್ಲ.

ಮಾರನೆಯ ದಿನ ಬಂದು ಕೈ ಮುರಿದದ್ದು ನಿಜವೆಂದು ಒಪ್ಪಿಕೊಂಡಾಗ ಜಯಮಾಲಾ ತಲೆ ಎತ್ತದೆಯೇ ಹೇಳಿದರು: "ನನಗ ಗೊತ್ತಿದ್ರ ಏನಾತು? ಹಾಳಿ ಎಲ್ಲದ? ಹಾಳಿ ಇಲ್ಲಾಂದ್ರ ನಿನ್ನ ಕೈ ಮುರದೇ ಇಲ್ಲ. ನಾನು ಕೋಡ್ ಹಾಕಂಗಿಲ್ಲ. ಇದು ಮೊದಲ ಪಾಠ, ಬರಕೋ."

ಅವರ ಕೆಲಸವೇ ಅದು. ಆಸ್ಪತ್ರೆಯಲ್ಲಿ ವೈದ್ಯರು ಮಾತಿನಲ್ಲಿ ಬರೆದದ್ದನ್ನು ಇವರು ಅಕ್ಷರ-ಅಂಕಿಗಳ ಸಂಕೇತಕ್ಕೆ ಇಳಿಸಬೇಕು. ವಿಮೆಯವರು, ಸರಕಾರದವರು ಓದುವುದು ಆ ಸಂಕೇತವನ್ನೇ. ಮುಂಗೈ ಮುರಿತವೆಂದರೆ ಎಸ್ ಐವತ್ತೆರಡು. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಎರಡು ಎಲುಬುಗಳಲ್ಲಿ ಯಾವುದು, ಮೇಲೋ ನಡುವೋ ಕೆಳಗೋ, ಎಡವೋ ಬಲವೋ, ಚರ್ಮ ಹರಿದಿದೆಯೋ ಇಲ್ಲವೋ, ಎಲ್ಲವೂ ಕಾಗದದಲ್ಲಿ ಇರಬೇಕು. ಕಡತದ ಜೊತೆ ಎಕ್ಸ್‌ರೇ ಚಿತ್ರವೂ ಬರುತ್ತದೆ. ಚಿತ್ರದಲ್ಲಿ ಎಲುಬು ಎರಡು ತುಂಡಾಗಿ ಕಣ್ಣಿಗೆ ಹೊಡೆದರೂ ವೈದ್ಯರ ಬರಹದಲ್ಲಿ ಇಲ್ಲದಿದ್ದರೆ ಸಂಕೇತ ಹಾಕುವ ಹಾಗಿಲ್ಲ. ಆಸ್ಪತ್ರೆಗೆ ಪ್ರಶ್ನೆ ಬರೆದು ಉತ್ತರ ಬರುವತನಕ ಕಾಯಬೇಕು. ಈ ನಿಯಮ ಮುರಿದ ಮೂವರನ್ನು ಜಯಮಾಲಾ ಮುಲಾಜಿಲ್ಲದೆ ಮನೆಗೆ ಕಳಿಸಿದ್ದರು.

ಹೀಗಿದ್ದವರ ಬೆರಳಿಗೆ ಆ ಅರಿವು ಎಲ್ಲಿಂದ ಬಂತು? ಅವರ ತಂದೆ ಮನ್ಮಥಪ್ಪ ಬೀದರ ಸೀಮೆಯಲ್ಲಿ ಎಲುಬು ಕಟ್ಟುತ್ತಿದ್ದರು. ಬಿದಿರ ಸೀಳು, ಉದ್ದಿನ ಹಿಟ್ಟು, ಹಳೆಯ ಧೋತರದ ಪಟ್ಟಿ. ಹೆಂಗಸರು ಪರಗಂಡಸಿನ ಮುಂದೆ ತೋಳು ಬಿಚ್ಚಲು ನಾಚಿದಾಗ ಮನ್ಮಥಪ್ಪ ಎಂಟು ವರ್ಷದ ಮಗಳನ್ನು ಕರೆದು, ತಾವು ಗೋಡೆಗೆ ಮುಖ ಮಾಡಿ ಕೂತು, "ಎಲ್ಲಿ ತಗ್ಗು ಅದ? ಎಲ್ಲಿ ಬಿಸಿ ಅದ?" ಎಂದು ಕೇಳುತ್ತಿದ್ದರು. ಅಪ್ಪನಿಗೆ ಕಣ್ಣೂ ಬೆರಳೂ ಅವಳೇ ಆಗಿದ್ದಳು. ಆಮೇಲೆ ಓದಿದರು, ಮದುವೆಯಾದರು. ಗಂಡ ಶಿವಕಾಂತರಿಗೆ ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ ಮೇಲೆ ನಾಸಿಕವೇ ಊರಾಯಿತು. ತಂದೆಯ ವಿದ್ಯೆಯನ್ನು ಅವರು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ. "ಹಾಳಿ ಮ್ಯಾಲ ಇರಲಾರದ ವಿದ್ಯಾ ಅದು" ಎನ್ನುತ್ತಿದ್ದರು.

ಫೆಬ್ರುವರಿಯಲ್ಲಿ ಆ ಮೂರು ಕಡತಗಳು ಬಂದವು. ಮೂರೂ ಛತ್ರಪತಿ ಸಂಭಾಜಿನಗರದ ಒಂದೇ ಆಸ್ಪತ್ರೆಯವು, ಮೂವತ್ತು ಹಾಸಿಗೆಯ ಚಿಕ್ಕ ಆಸ್ಪತ್ರೆ.

ಮೊದಲನೆಯದು ಹತ್ತೊಂಬತ್ತು ವರ್ಷದ ಕ್ರಿಕೆಟ್ ಆಟಗಾರನದು. ಚಿತ್ರದಲ್ಲಿ ಅವನ ಮಣಿಕಟ್ಟಿನಿಂದ ಸ್ವಲ್ಪ ಮೇಲೆ ಉಸಿರು ಬಿಟ್ಟ ಗಾಜಿನ ಮೇಲೆ ಬೆರಳಾಡಿಸಿದಂಥ ಮಸುಕು ಗೆರೆಗಳಿದ್ದವು. ಗೀರು ಇರಬೇಕೆಂದು ಲತಾ ಕಡತ ಮುಗಿಸಿದಳು. ಎರಡು ದಿನದ ಮೇಲೆ ನಿವೃತ್ತ ಬಸ್ ಚಾಲಕನ ಕಡತ ಬಂತು. ಅವನ ಕೈಯ ಮೇಲೂ ಅದೇ ಜಾಗದಲ್ಲಿ ಅದೇ ಗೆರೆಗಳು. ಈ ಸಲ ಇನ್ನಷ್ಟು ಸ್ಪಷ್ಟ. ಅವು ಗೆರೆಗಳಲ್ಲ, ಉಂಗುರಗಳು. ಒಂದರ ಪಕ್ಕ ಒಂದು ಒತ್ತಿ ಕೂತಿದ್ದವು.

"ಬಳಿ" ಎಂದಳು ಲತಾ ಗಟ್ಟಿಯಾಗಿ.

ಪಕ್ಕದ ಸಮೀರ ಕುರ್ಚಿ ಉರುಳಿಸಿಕೊಂಡು ಬಂದ. ಕಲಬುರಗಿಯವರ ಮಗ. ಆದರೆ ಹುಟ್ಟಿ ಬೆಳೆದದ್ದು ನಾಸಿಕದಲ್ಲಿ, ಅವನ ಕನ್ನಡ ಕುಂಟುತ್ತಿತ್ತು; ಅಜ್ಜನಿಗೆ ಅಜೋಬಾ, ಬಳೆಗೆ ಬಾಂಗಡೀ ಎಂಬ ಮರಾಠಿಯೇ ಬಾಯಿಗೆ ಬರುತ್ತಿತ್ತು. "ಅರೆ, ಅಜೋಬಾ ಬಾಂಗಡೀ ಹಾಕ್ಯಾನ! ರಿಟೈರ್ ಆಗಿ ಶೌಕ್ ಬಂದದ."

"ನಗಬ್ಯಾಡೋ. ಆಸ್ಪತ್ರಿಗೆ ಪ್ರಶ್ನೆ ಹಾಕ್ತೀನಿ."

"ಏನಂತ? ನಿಮ್ಮ ಅಜೋಬಾ ಶೃಂಗಾರ ಯಾಕ ಮಾಡ್ಯಾನ ಅಂತ?"

ಅವಳು ನಿಯಮದಂತೆಯೇ ಬರೆದಳು: ಚಿತ್ರದಲ್ಲಿ ಆಭರಣದ ನೆರಳು ಇದೆ, ದಯವಿಟ್ಟು ಪರಿಶೀಲಿಸಿ. ಮರುದಿನ ಆಸ್ಪತ್ರೆಯ ಮೊಹರಿನೊಡನೆ ಒಂದೇ ಸಾಲಿನ ಉತ್ತರ ಬಂತು: "ರೋಗಿ ಪುರುಷ. ಬಳೆ ಧರಿಸಿಲ್ಲ."

ಲತಾ ಆ ಸಾಲನ್ನು ಓದಿದಳು, ಚಿತ್ರವನ್ನು ನೋಡಿದಳು. ಹಗಲು ಹನ್ನೊಂದು ಗಂಟೆ. ಕಿಟಕಿಯ ಹೊರಗೆ ಫ್ಲೈಓವರ್ ಮೇಲೆ ಲಾರಿಗಳು ಒದರುತ್ತಿದ್ದವು. ಆದರೂ ಅವಳ ತೋಳಿನ ಕೂದಲು ನಿಂತಿತು.

ಮೂರನೆಯ ಕಡತ ಗುರುವಾರ, ಇಪ್ಪತ್ತನೆಯ ತಾರೀಖಿನಂದು ಬಂತು. ವಾಳುಂಜದ ಗ್ಯಾರೇಜ್ ಮೆಕ್ಯಾನಿಕ್, ಮೂವತ್ತೆಂಟು ವರ್ಷ, ಬಲಗೈ. ಕಡತದ ಮೊದಲ ಪುಟದಲ್ಲಿ ಅವನ ಫೋಟೋ ಇತ್ತು, ದಪ್ಪ ಮೀಸೆ. ಲತಾ ಎಕ್ಸ್‌ರೇ ತೆರೆದವಳು ಕೈಯನ್ನು ಮೌಸ್‌ನಿಂದ ಹಿಂದಕ್ಕೆ ಎಳೆದುಕೊಂಡಳು. ಆ ದಪ್ಪ ಎಲುಬುಗಳ ಮೇಲೆ ಒಂಬತ್ತು ಬಳೆಗಳು ಎಣಿಸುವಷ್ಟು ಸ್ಪಷ್ಟವಾಗಿ ಹೊಳೆಯುತ್ತಿದ್ದವು. ಬಳೆಗಳ ಒಳಗೆ, ಮೆಕ್ಯಾನಿಕನ ಎಲುಬಿನ ಹಿಂದೆ, ಇನ್ನೊಂದು ಕೈ ಇತ್ತು. ತೆಳ್ಳಗಿನ, ಸಣ್ಣ ಕೈ. ಬೇರೊಂದು ದಿಕ್ಕಿಗೆ ಓರೆಯಾಗಿ ಮಲಗಿತ್ತು.

ಎದ್ದು ಹೋಗಿ ಜಯಮಾಲಾರ ಸೆರಗು ಎಳೆದಳು.

ಜಯಮಾಲಾ ಬಂದು ನೋಡಿದರು. "ಹಿಂದಿನವು ಎರಡೂ ತಗಿ" ಎಂದರು. ಮೂರು ಚಿತ್ರಗಳನ್ನು ಸಾಲಾಗಿ ಇಟ್ಟರು. ಬಂದ ಕ್ರಮದಲ್ಲಲ್ಲ, ಚಿತ್ರ ತೆಗೆದ ತಾರೀಖಿನ ಕ್ರಮದಲ್ಲಿ. ಮೆಕ್ಯಾನಿಕನದು ಐದನೆಯ ತಾರೀಖು. ಶಸ್ತ್ರಚಿಕಿತ್ಸೆಯಾಗಿ ಹೆಚ್ಚು ದಿನ ಮಲಗಿದ್ದರಿಂದ ಕಡತ ತಡವಾಗಿತ್ತು. ಚಾಲಕನದು ಎಂಟು. ಹುಡುಗನದು ಹನ್ನೆರಡು. ದಿನ ಮುಂದೆ ಹೋದ ಹಾಗೆ ಬಳೆಗಳು ಮಾಸಿದ್ದವು. ದಿನ ಹಿಂದೆ ಬಂದ ಹಾಗೆ ಆ ಕೈ ಹತ್ತಿರ ಬರುತ್ತಿತ್ತು.

"ಐದಕ್ಕಿಂತ ಮೊದಲ ಈಕಿ ಅಲ್ಲಿಗೆ ಬಂದಾಳ" ಎಂದರು ಜಯಮಾಲಾ.

"ಯಾರ್ರೀ ಈಕಿ?"

"ಅದನ್ನೇ ಹುಡಕಬೇಕು. ಒಂದನೇ ತಾರೀಖಿನಿಂದ ಆ ಆಸ್ಪತ್ರಿ ಕೈ ಕಡತ ಎಲ್ಲಾ ತಗಿ."

ಹನ್ನೊಂದು ಕಡತಗಳಿದ್ದವು. ಅದರಲ್ಲಿ ಹೆಂಗಸರು ನಾಲ್ವರು. ಯಾರ ಚಿತ್ರದಲ್ಲೂ ಒಂದು ಬಳೆಯೂ ಇರಲಿಲ್ಲ. ಅಂಥ ಹೆಂಗಸು ಆ ಆಸ್ಪತ್ರೆಗೆ ಬಂದೇ ಇರಲಿಲ್ಲ. ಸಮೀರನ ನಗೆಯೂ ಈಗ ನಿಂತಿತ್ತು.

"ಭೂತ ಅಂತೀರೇನು ತಾಯೀ?"

"ಭೂತಕ್ಕ ಎಲುಬು ಇರಂಗಿಲ್ಲೋ, ಮಬ್ಬ." ಜಯಮಾಲಾ ಕನ್ನಡಕ ತೆಗೆದು ಪರದೆಗೆ ಮುಖ ಹತ್ತಿಸಿದರು. "ಲತಾ, ಇಲ್ಲಿ ನೋಡು. ಬಳಿ ಮ್ಯಾಲ, ಮೊಳಕೈ ಸನೇಕ. ಈ ಕಡಿ ಎಲುಬು ಮುರದದ. ಅಷ್ಟ ಅಲ್ಲ, ಅದರ ಜೋಡಿದಾರನ ತಲಿ ಗೂಡು ಬಿಟ್ಟು ಹೊರಗ ಬಂದದ. ಅಪ್ಪ ಇದಕ್ಕ ಭಾಳ ಅಂಜತಿದ್ರು. ಮ್ಯಾಲೆ ನೋಡಿದ್ರ ಬರೇ ಬಾವು. ಉಳುಕು ಅಂತ ಎಣ್ಣಿ ತಿಕ್ಕಿ ಕೂಡ್ತಾರ. ಇಪ್ಪತ್ತೊಂದು ದಿನದಾಗ ಕೂಡಿಸಬೇಕು. ಆಮ್ಯಾಲೆ ಅಪ್ಪನೂ ಕೈ ಹಚ್ಚತಿರಲಿಲ್ಲ. ಅಂಗೈ ತಿರುಗೋದೇ ನಿಂತುಬಿಡ್ತದ."

"ಅಕ್ಕಾ," ಸಮೀರ ತಗ್ಗಿದ ಧ್ವನಿಯಲ್ಲಿ ಹೇಳಿದ, "ಚಿತ್ರ ನೋಡಿ ಹೇಳೋದು ರೂಲ್ ಇಲ್ಲ. ನೀವೇ ಮೂರು ಮಂದೀನ ಘರೀ ಕಳಿಸೀರಿ."

"ಹೌದು, ಕಳಿಸೀನಿ" ಎಂದರು ಜಯಮಾಲಾ.

ಶುಕ್ರವಾರ ಆಸ್ಪತ್ರೆಗೆ ಮೂರು ಸಲ ಫೋನ್ ಮಾಡಿದರು. ದಾಖಲೆ ವಿಭಾಗದವರದು ಒಂದೇ ಉತ್ತರ: ಪಟ್ಟಿಯಲ್ಲಿ ಇಲ್ಲ ಎಂದರೆ ಇಲ್ಲ. ಐದಕ್ಕಿಂತ ಎಷ್ಟು ದಿನ ಮೊದಲು ಎಂಬುದೂ ತಿಳಿಯದು. ಇಪ್ಪತ್ತೊಂದರಲ್ಲಿ ಎಷ್ಟು ಉಳಿದಿವೆಯೋ, ಉಳಿದೇ ಇವೆಯೋ ಯಾರಿಗೆ ಗೊತ್ತು. ಶನಿವಾರ ರಜೆ. ಬೆಳಗಿನ ಆರು ಗಂಟೆಗೆ ಜಯಮಾಲಾ ಲತಾಳನ್ನು ಕರೆದುಕೊಂಡು ಎಸ್.ಟಿ. ಬಸ್ಸು ಹತ್ತಿದರು. ಸಿನ್ನರ್ ಕಡೆಯ ಕಾರ್ಖಾನೆಗಳಿಗೆ ಹೋಗುವವರ ಗದ್ದಲ ನಿಲ್ದಾಣದಲ್ಲೇ ಉಳಿಯಿತು. ಯೇವಲಾ ದಾಟಿದ ಮೇಲೆ ಬಸ್ಸಿನಲ್ಲಿ ಅರ್ಧ ಸೀಟು ಖಾಲಿ. ಮುಂದಿನ ಸೀಟಿನ ಕಂಬಿ ಹಿಡಿದ ಹೆಂಗಸರ ಕೈಗಳನ್ನು ಲತಾ ನೋಡುತ್ತಿದ್ದಳು. ಪ್ರತಿ ಕೈಯ ಒಳಗೂ ಆ ಇನ್ನೊಂದು ಕೈ ಓರೆಯಾಗಿ ಮಲಗಿದೆ ಎನಿಸುತ್ತಿತ್ತು. ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ಆಸ್ಪತ್ರೆಯ ಎಕ್ಸ್‌ರೇ ಕೋಣೆ ಮೆಟ್ಟಿಲ ಕೆಳಗೆ, ಕಿಟಕಿ ಇಲ್ಲದ ಜಾಗ. ಎಕ್ಸ್‌ರೇ ತೆಗೆಯುವವನು ನಲವತ್ತರ ಸಣಕಲು ಮನುಷ್ಯ. ಜಯಮಾಲಾ ಮೊಬೈಲಿನಲ್ಲಿ ಮೆಕ್ಯಾನಿಕನ ಚಿತ್ರ ತೋರಿಸಿದರು. ಅವನು ನೋಡಿದ. ಬಾಗಿಲು ಹಾಕಿಕೊಂಡ. ಕುರ್ಚಿಯ ಮೇಲೆ ಕೂತುಬಿಟ್ಟ.

"ನಾನು ಅಳಿಸಿಬಿಟ್ಟಿದ್ದೆ" ಎಂದ ಮರಾಠಿಯಲ್ಲಿ. "ಮೂರೂ ಅಳಿಸಿದ್ದೆ."

ನಡೆದದ್ದಿಷ್ಟು. ಮೂರನೆಯ ತಾರೀಖು, ಅಂದೇ ಬಿದ್ದ ಬಸುರಿ ಹೆಂಗಸೊಬ್ಬಳು ಬಂದಿದ್ದಳು. ಏಳು ತಿಂಗಳು. ಹೊಟ್ಟೆಗೆ ಸೀಸದ ಕವಚ ಹಾಕಿ ಚಿತ್ರ ತೆಗೆದ. ಊದಿದ ಕೈಯಲ್ಲಿ ಬಳೆಗಳು ಸಿಕ್ಕಿಕೊಂಡು ಅಡ್ಡ ಬಂದವು. ತೆಗೆಯಿರಿ ಎಂದರೆ ಅತ್ತೆ ಒಪ್ಪಲಿಲ್ಲ. ಏಳನೆಯ ತಿಂಗಳ ಶಾಸ್ತ್ರದಲ್ಲಿ ತೊಡಿಸಿದ ಹಸಿರು ಬಳೆ, ಹೆರಿಗೆಯಾಗುವತನಕ ಇಳಿಸುವ ಹಾಗಿಲ್ಲ. ಅವನು ಕಿರಣ ಹೆಚ್ಚಿಸಿ ಇನ್ನೊಂದು ತೆಗೆದ, ಮತ್ತೂ ಹೆಚ್ಚಿಸಿ ಮತ್ತೊಂದು. ಅಷ್ಟರಲ್ಲಿ ಅತ್ತೆ, "ಬಸುರಿಗೆ ಎಷ್ಟು ಸಲ ಹೊಡೀತಿ?" ಎಂದು ಕೂಗಾಡಿ ಸೊಸೆಯನ್ನು ಎಬ್ಬಿಸಿಕೊಂಡು ಹೋದಳು. ಬಸುರಿಗೆ ಮೂರು ಸಲ ಎಂಬುದು ಮೇಲಿನವರಿಗೆ ತಿಳಿದರೆ ಕೆಲಸ ಹೋದೀತೆಂದು ಅವನಿಗೆ ಭಯ. ಚಿತ್ರ ಅಳಿಸಿ, ಪರೀಕ್ಷೆಯನ್ನೇ ರದ್ದು ಮಾಡಿದ. ರದ್ದಾದದ್ದು ಯಾವ ಪಟ್ಟಿಗೂ ಹೋಗುವುದಿಲ್ಲ.

ಆದರೆ ಚಿತ್ರ ಹಿಡಿಯುವ ತಟ್ಟೆಯಲ್ಲಿ ಉಳಿದ ನೆರಳನ್ನು ಪ್ರತಿ ಸಲ ಯಂತ್ರದೊಳಗಿನ ಒಂದು ದೀಪದ ಬೆಳಕು ಒರೆಸಬೇಕು. ಆ ದೀಪ ಜನವರಿಯಿಂದಲೇ ಮಂಕಾಗಿತ್ತು. ಕೈಯ ಚಿತ್ರಕ್ಕೆ ಬಳಸುವ ತಟ್ಟೆಗಳಲ್ಲಿ ಒಂದರಲ್ಲಿ ಅವಳು ಉಳಿದುಬಿಟ್ಟಿದ್ದಳು.

"ಎಲುಬು ನೀನು ನೋಡಲಿಲ್ಲೇನು?" ಜಯಮಾಲಾ ಕೇಳಿದರು.

"ಬಳೆಗಳನ್ನೇ ನೋಡುತ್ತಿದ್ದೆ ತಾಯಿ."

"ಹೆಸರು?"

ಅವನಿಗೆ ನೆನಪಿರಲಿಲ್ಲ. ಜಯಮಾಲಾ ಕೋಣೆಯನ್ನು ಸುತ್ತ ನೋಡಿದರು. ಇಪ್ಪತ್ತು ವರ್ಷ ಕಾಗದಗಳ ನಡುವೆ ಬದುಕಿದವರು. "ಬಸುರಿ ಹೆಂಗಸರ ಕಡೆಯಿಂದ ಒಪ್ಪಿಗಿ ಬರಸಿಕೋತೀರಲ್ಲ, ಆ ಹಾಳಿ ಎಲ್ಲಿಡ್ತೀರಿ?"

ಅದು ಕವಚ ತೂಗುಹಾಕುವ ಮೊಳೆಯ ಪಕ್ಕದ ರಟ್ಟಿನಲ್ಲಿತ್ತು. ಪರೀಕ್ಷೆಯೇ ಇಲ್ಲದ ಒಪ್ಪಿಗೆ ಪತ್ರ. ಮಂಗಲಾ, ಇಪ್ಪತ್ಮೂರು ವರ್ಷ, ಪೈಠಣ, ನೇಕಾರರ ಓಣಿ. ಜೊತೆಗೆ ಬಂದವರು ಅತ್ತೆ ಅನಸೂಯ. ಅಡಿಯಲ್ಲಿ ಸಹಿ ಇಲ್ಲ, ಬಲಗೈ ಹೆಬ್ಬೆಟ್ಟು. ಎಡಗೈಯನ್ನು ಹೊಟ್ಟೆಗೆ ಆನಿಸಿ ಹಿಡಿದಿದ್ದಳು ಎಂದ ಅವನು. ಕೊಟ್ಟ ನಂಬರಿಗೆ ಲತಾ ಫೋನ್ ಮಾಡಿದಳು. ಈ ನಂಬರು ಅಸ್ತಿತ್ವದಲ್ಲಿಲ್ಲ ಎಂದು ಹೆಣ್ಣುಧ್ವನಿಯೊಂದು ಹೇಳಿತು. ಇನ್ನೊಮ್ಮೆ ಮಾಡಿದಾಗಲೂ ಅದನ್ನೇ, ಅಷ್ಟೇ ಸಮಾಧಾನದಿಂದ ಹೇಳಿತು.

ಜಯಮಾಲಾ ಬೆರಳು ಮಡಚಿ ಎಣಿಸಿದರು. "ಇವತ್ತು ಹತ್ತೊಂಬತ್ತು. ನಡಿ."

ಪೈಠಣ ಮುಟ್ಟಿದಾಗ ಮಧ್ಯಾಹ್ನ ಎರಡೂವರೆ. ಓಣಿಯ ತುಂಬ ಮಗ್ಗದ ಸದ್ದು, ಮನೆಮನೆಯಿಂದ ಟಕ್, ಟಕ್. ಬಿಸಿಲಿಗೆ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಯಾರನ್ನೂ ಕೇಳುವ ಅಗತ್ಯವೂ ಬೀಳಲಿಲ್ಲ. ಒಂದು ಮನೆಯಿಂದ ಮಾತ್ರ ಸದ್ದು ಬರುತ್ತಿರಲಿಲ್ಲ. ಜಯಮಾಲಾ ಆ ಬಾಗಿಲ ಮುಂದೆ ನಿಂತರು.

ಒಳಗೆ ಅರ್ಧ ನೇಯ್ದ ಸೀರೆ ಮಗ್ಗದ ಮೇಲೆ ಹಾಗೇ ಇತ್ತು. ಗೋಡೆಗೆ ಒರಗಿ ಹುಡುಗಿಯೊಬ್ಬಳು ಕೂತಿದ್ದಳು. ಎಡ ಮೊಳಕೈಗೆ ಔಡಲ ಎಲೆ ಕಟ್ಟಿ ಮೇಲೆ ಹಳೆಯ ಬಟ್ಟೆ ಸುತ್ತಿತ್ತು. ಮಣಿಕಟ್ಟಿನಲ್ಲಿ ಹಸಿರು ಗಾಜಿನ ಬಳೆಗಳು. ಆ ತೆಳ್ಳಗಿನ ಕೈಯನ್ನು ಲತಾ ಗುರುತು ಹಿಡಿದಳು. ಮೂವರು ಗಂಡಸರ ಕೈಯೊಳಗೆ ಕಂಡ ಕೈ. ಈಗ ಅದಕ್ಕೆ ಮಾಂಸವಿತ್ತು, ಮೈಬಣ್ಣವಿತ್ತು, ಮೇಲೊಂದು ನೊಣ ಕೂತಿತ್ತು. ಲತಾ ಹೊಸ್ತಿಲಲ್ಲೇ ನಿಂತಳು.

ಸಂಭಾಜಿನಗರದ ಆಸ್ಪತ್ರೆಯ ವಿಷಯವಾಗಿ ಬಂದಿದ್ದೇವೆ ಎಂದು ಜಯಮಾಲಾ ಮರಾಠಿಯಲ್ಲಿ ಹೇಳಿದರು. ಮಂಗಲಾ ತಲೆ ಎತ್ತಿದಳು. ಇವರು ಯಾರೆಂದು ಕೇಳಲಿಲ್ಲ.

"ನನ್ನ ಕೈ ಅಲ್ಲೇ ಉಳಿದದ, ಹೌದಲ್ರೀ?" ಎಂದಳು ಅವಳೂ ಮರಾಠಿಯಲ್ಲೇ. "ಅವತ್ತಿನಿಂದ ಇದು ನಂದು ಅನಸೋದಿಲ್ಲ. ತಣ್ಣಗಿರ್ತದ. ರಾತ್ರಿ ಯಾರೋ ಅದರ ಮ್ಯಾಲ ಕೈ ಇಟ್ಟಂಗ ಆಗ್ತದ. ಬ್ಯಾರೆ ಬ್ಯಾರೆ ಮಂದಿ."

ಅಡಿಗೆ ಕೋಣೆಯಿಂದ ಅತ್ತೆ ಅನಸೂಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಏನೇನೋ ಬಡಬಡಸ್ತಾಳ. ನೀರಿನ ಬಚ್ಚಲದಾಗ ಜಾರಿದ್ಳು. ಹೊಟ್ಟಿ ಉಳಸ್ಕೊಳ್ಳಾಕ ಹೋಗಿ ಕೈ ಅಡ್ಡ ಕೊಟ್ಟಾಳ. ಉಳುಕು ಅಷ್ಟ. ನೀವ್ಯಾರು?"

ಜಯಮಾಲಾ ಹುಡುಗಿಯ ಮುಂದೆ ಕೂತರು. ಬಟ್ಟೆ ಬಿಚ್ಚಿದರು. ಎರಡು ಬೆರಳು ಮೊಳಕೈಯಿಂದ ಇಳಿದವು, ನಿಂತವು. ಅವರು ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡಿದ್ದನ್ನು ಲತಾ ಕಂಡಳು. ಆಮೇಲೆ ಬಳೆ ಎಣಿಸಿದರು. ಎಂಟೇ ಇದ್ದವು. ಲತಾಳನ್ನು ನೋಡಿದರು.

"ಒಂಬತ್ತಿರಬೇಕಿತ್ತಲ್ಲ?"

"ಒಂಬತ್ತೇ ತೊಡಿಸಿದ್ವಿ" ಅನಸೂಯ ಗಾಬರಿಯಾದಳು. "ಹುಣ್ಣಿವಿ ದಿನ ಮುಂಜಾನೆ ಒಂದು ಹೆಚ್ಚಿತು. ನಿಮಗ ಹ್ಯಾಂಗ ಗೊತ್ತು?" ಬಳೆ ಒಡೆಯಿತು ಎಂದು ಬಸುರಿಯ ಮುಂದೆ ಯಾರೂ ಅನ್ನುವುದಿಲ್ಲ, ಹೆಚ್ಚಿತು ಎನ್ನುತ್ತಾರೆ.

ಹುಣ್ಣಿಮೆ ಹನ್ನೆರಡನೆಯ ತಾರೀಖು. ಲತಾ ಮೊಬೈಲ್ ತೆಗೆದು, ಅವತ್ತೇ ತೆಗೆದ ಕ್ರಿಕೆಟ್ ಹುಡುಗನ ಚಿತ್ರವನ್ನು ದೊಡ್ಡದು ಮಾಡಿದಳು. ಮಸುಕು ಉಂಗುರಗಳನ್ನು ಒಂದೊಂದಾಗಿ ಎಣಿಸಿದಳು. ಎಂಟು. ನಾಲ್ಕನೆಯದಿರಬೇಕಾದ ಕಡೆ ಸಣ್ಣ ಸಂದು. ಉಳಿದ ಎರಡು ಚಿತ್ರಗಳಲ್ಲೂ ಒಂಬತ್ತು ಇದ್ದವು. ಮಂಕು ದೀಪ ಮೂರನೆಯ ತಾರೀಖಿನ ನೆರಳನ್ನು ಉಳಿಸಬಲ್ಲದು. ಹನ್ನೆರಡರಂದು ಪೈಠಣದಲ್ಲಿ ಒಡೆದ ಬಳೆ ಅದಕ್ಕೆ ಹೇಗೆ ತಿಳಿದೀತು? ಮಾಸುವಾಗ ಯಾವುದೋ ಒಂದು ಮೊದಲು ಮಾಸಿರಬೇಕು ಎಂದು ಎಕ್ಸ್‌ರೇಯವನು ಆಮೇಲೆ ಹೇಳಿದ. ಇರಬಹುದು. ಆ ಹೊತ್ತಿನಲ್ಲಿ ಲತಾ ಮೊಬೈಲನ್ನು ಬೋರಲು ಹಾಕಿದಳು. ಜಯಮಾಲಾ ಆ ಮಾತನ್ನು ಅಲ್ಲಿಗೇ ಬಿಟ್ಟರು.

"ಈ ಕೈ ಮುರದದ ಅನಸೂಯಬಾಯಿ" ಎಂದರು. "ನಾಡದು ಇಪ್ಪತ್ತೊಂದು ದಿನ. ಅಷ್ಟರಾಗ ಕೂಡಿಸಬೇಕು."

"ಮತ್ತ ಆ ಮಿಷನ್ನಿಗಾ? ಬಳಿ ತಗಸಾಕಾ?" ಅನಸೂಯ ಬಾಗಿಲಿಗೆ ಅಡ್ಡ ನಿಂತಳು. "ತುಂಬಿದ ಬಸುರಿ ಕೈ ಬರಿದು ಮಾಡಂತೀರೇನು? ನಿಮಗ ಮಕ್ಕಳು ಮರಿ ಅದಾವೋ ಇಲ್ಲೋ?"

ಜಯಮಾಲಾ ಸಿಟ್ಟಾಗಲಿಲ್ಲ. ಮಂಗಲಾಳ ಕಡೆ ತಿರುಗಿ, "ಎರಡೂ ಅಂಗೈ ಮ್ಯಾಲ ಮಾಡವ್ವ, ಪ್ರಸಾದ ಇಸಕೊಳ್ಳುವಂಗ" ಎಂದರು. ಬಲ ಅಂಗೈ ಮೇಲಾಯಿತು. ಎಡಗೈ ಅರ್ಧಕ್ಕೆ ನಿಂತಿತು. ಹುಡುಗಿ ಹಲ್ಲು ಕಚ್ಚಿ ತಿರುಗಿಸಲು ನೋಡಿದಳು. ಭುಜ ತಿರುಗಿತು, ಅಂಗೈ ತಿರುಗಲಿಲ್ಲ.

"ನೋಡ್ರಿ. ಕೂಸಿನ ತಲಿ ಹಿಡಿಯೋದು ಇದೇ ಅಂಗೈದಾಗ. ಇದು ತಿರುಗಲಿಲ್ಲಂದ್ರ ಕೂಸು ಹ್ಯಾಂಗ ಎತ್ತಕೊಳ್ತಾಳ?"

ಅನಸೂಯ ಬಾಗಿಲಿನಿಂದ ಈಚೆ ಸರಿದಳು. ಪಕ್ಕದ ಮನೆಯ ಮಗ್ಗವೂ ಆಗ ನಿಂತಿತ್ತು.

"ಬರಿದು ಮಾಡೋದು ಬ್ಯಾಡ" ಜಯಮಾಲಾ ಮೆತ್ತಗೆ ಹೇಳಿದರು. "ನೆಲಕ್ಕ ಇಡೋದು ಬ್ಯಾಡ, ತಟ್ಟಿಗೆ ಇಡೋದು ಬ್ಯಾಡ. ಆಕಿ ಕೈಯಿಂದ ಒಂದೊಂದೇ ನಿಮ್ಮ ಕೈಗೆ. ಹೆರಿಗಿ ಆಗೂ ತನಕ ನೀವು ತೊಟ್ಟಿರ್ರಿ. ಆ ದಿನ ತಿರುಗಿ ಆಕಿ ಕೈಗೆ. ಬಲಗೈ ಬಳಿ ಹಂಗೇ ಇರಲಿ. ನಮ್ಮ ಕಡೀನೂ ಹೆಣ್ಣಮಕ್ಕಳ ಕೈಗೆ ಕಟ್ಟು ಕಟ್ಟುವಾಗ ಹಿಂಗೇ ಮಾಡತಿದ್ವಿ."

ಅನಸೂಯ ಸೊಸೆಯ ಮುಖ ನೋಡಿದಳು. ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದು ತಾನೇ ಸವರಿದಳು. ಊತ ಇಳಿದಿದ್ದರಿಂದ ಬಳೆಗಳು ಜಾರಿದವು. ಅತ್ತೆಯ ಬೆರಳ ತುದಿಗೆ ಸೊಸೆಯ ಬೆರಳ ತುದಿ ತಾಗಿಸಿ, ಒಂದೊಂದೇ ಬಳೆಯನ್ನು ಜಯಮಾಲಾ ಈ ಕೈಯಿಂದ ಆ ಕೈಗೆ ದಾಟಿಸಿದರು. ಎಂಟು ಸಲ ಗಾಜು ಕಿಣ್ ಎಂದಿತು.

ಮಂಗಲಾಳ ಶಸ್ತ್ರಚಿಕಿತ್ಸೆ ಸೋಮವಾರ ಅದೇ ಆಸ್ಪತ್ರೆಯಲ್ಲಿ ನಡೆಯಿತು. ಕೈಗಷ್ಟೇ ಮರಗಟ್ಟಿಸುವ ಮದ್ದು ಕೊಟ್ಟು, ಎಲುಬಿಗೆ ಪಟ್ಟಿ ಹಾಕಿ ಆರು ತಿರುಪು ಬಿಗಿದರು. ಗೂಡು ಬಿಟ್ಟ ತಲೆ ಒಳಗೆ ಕೂತಿತು. ಇನ್ನೊಂದು ವಾರ ಕಳೆದಿದ್ದರೆ ನಾನೂ ಭರವಸೆ ಕೊಡುತ್ತಿರಲಿಲ್ಲ ಎಂದರು ಮೂಳೆ ವೈದ್ಯರು. ಲತಾ ಆ ಕಡತಕ್ಕೆ ಸಂಕೇತ ಹಾಕಿದಳು: ಎಸ್ ಐವತ್ತೆರಡು, ಎಡಗೈ, ಚರ್ಮ ಹರಿಯದ ಮುರಿತ. ಈ ಸಲ ಎಲ್ಲವೂ ವೈದ್ಯರ ಕೈಬರಹದಲ್ಲಿತ್ತು. ತಟ್ಟೆಯನ್ನೂ ಮಂಕು ದೀಪವನ್ನೂ ಆಸ್ಪತ್ರೆಯವರು ಬದಲಾಯಿಸಿದರು. ಎಕ್ಸ್‌ರೇ ತೆಗೆಯುವವನು ತಾನೇ ಹೋಗಿ ಮೇಲಿನವರಿಗೆ ಎಲ್ಲ ಹೇಳಿದ. ಅವನಿಗೆ ಎಚ್ಚರಿಕೆ ಕೊಟ್ಟು ಉಳಿಸಿಕೊಂಡರು.

ಏಪ್ರಿಲ್ ಕೊನೆಗೆ ಮಂಗಲಾಗೆ ಹೆಣ್ಣು ಮಗು ಹುಟ್ಟಿತು. ಅವಳ ಎಡ ಅಂಗೈ ಪೂರ್ತಿ ತಿರುಗುವುದಿಲ್ಲ, ಮುಕ್ಕಾಲು ತಿರುಗುತ್ತದೆ. ಮಗುವಿನ ತಲೆ ಹಿಡಿಯಲು ಅಷ್ಟು ಸಾಕು. ನೇಯುವಾಗ ಸಣ್ಣ ಲಾಳಿಯನ್ನು ಬಲಗೈಯಿಂದ ದಾಟಿಸುವ ಅಭ್ಯಾಸ ಮಾಡಿಕೊಂಡಿದ್ದಾಳೆ. ಕೈ ಈಗ ತಣ್ಣಗಿರುತ್ತದೆಯೇ ಎಂದು ಲತಾ ಒಮ್ಮೆ ಫೋನಿನಲ್ಲಿ ಕೇಳಿದಳು. "ಇಲ್ಲಕ್ಕಾ, ಬಂದದ" ಎಂದಳು ಮಂಗಲಾ.

ಕಂಪನಿ ಜಯಮಾಲಾರನ್ನು ಸುಮ್ಮನೆ ಬಿಡಲಿಲ್ಲ. ಚಿತ್ರ ನೋಡಿ ನಿರ್ಧರಿಸಿದ್ದು, ರೋಗಿಯ ಮನೆಗೆ ಹೋದದ್ದು, ಎರಡೂ ನಿಯಮಕ್ಕೆ ವಿರುದ್ಧ ಎಂದು ಪತ್ರ ಕೊಟ್ಟಿತು. ಅವರು ವಾದ ಮಾಡಲಿಲ್ಲ. ತಾವು ಮನೆಗೆ ಕಳಿಸಿದ ಮೂವರಿಗೂ ಅದೇ ನಿಯಮ ಅನ್ವಯಿಸಿತ್ತು ಎಂದು ರಾಜೀನಾಮೆ ಬರೆದು, ಮೇಜಿನ ಮೇಲಿನ ನೀರಿನ ಬಾಟಲಿ ಎತ್ತಿಕೊಂಡು ಹೊರಟರು. ಸಮೀರ ಮೆಟ್ಟಿಲವರೆಗೂ ಹಿಂದೆ ಬಂದು, "ತಾಯೀ, ನನ್ನ ಕೈ ಒಮ್ಮೆ ನೋಡ್ರಿ" ಎಂದು ಚಾಚಿದ. ಅವರು ಒತ್ತಿ ನೋಡಿ, "ನಿಂದು ಮುರದಿಲ್ಲ. ಇನ್ನ ಮ್ಯಾಲ ಬೈಕ್ ಮೆತ್ತಗ ಹೊಡಿ" ಎಂದು ಇಳಿದುಹೋದರು.

ಜಯಮಾಲಾ ಈಗ ಸಂಭಾಜಿನಗರದ ಆ ಆಸ್ಪತ್ರೆಗೂ ನಾಸಿಕದ ಇನ್ನೆರಡು ಆಸ್ಪತ್ರೆಗಳಿಗೂ ದಾಖಲೆ ನೋಡುವ ಕೆಲಸ ಮಾಡುತ್ತಾರೆ. ದಿನವೂ ಬೆಳಿಗ್ಗೆ ಹಿಂದಿನ ದಿನ ರದ್ದಾದ ಎಕ್ಸ್‌ರೇಗಳ ಪಟ್ಟಿ ಮಾಡಿಸಿ ತರಿಸಿಕೊಂಡು, ಅದರಲ್ಲಿರುವ ಪ್ರತಿಯೊಬ್ಬರಿಗೂ ತಾವೇ ಫೋನ್ ಮಾಡುತ್ತಾರೆ.